ಮನೆ ಕೆಲಸದ ತಿಂಗಳು, ಗೂಡು ಕಟ್ಟುವ ತಿಂಗಳು

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೊರಟುಹೋಗುತ್ತದೆ ಎಂಬ ಮಾತನ್ನು ಅಜ್ಜ-ಅಜ್ಜಿಯರು ಹೇಳಿ, ಮಕ್ಕಳು ಕೇಳಿರುತ್ತೀರಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಚಳಿ ಹೋದ ಬಾಗಿಲಲ್ಲೇ ಕೆಲಸ ಒಳಗೆ ಬರುತ್ತದೆ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಆದರೆ ಕಾಳುಮೆಣಸು ಬಳ್ಳಿಯಲ್ಲಿ ಕಾಯುತ್ತಿರುತ್ತದೆ. ಬೆಟ್ಟದಿಂದ ದರಕು ತರಬೇಕು. ಮಳೆಗಾಲಕ್ಕೆ ಬೇಕಾಗುವ ಕಟ್ಟಿಗೆಯನ್ನು ಈಗಲೇ ಒಡೆದು ಒಣಗಿಸಿ ಪೇರಿಸಬೇಕು. ಮಾವಿನ ಮಿಡಿ ಸಿಕ್ಕರೆ ಉಪ್ಪಿಗೆ ಹಾಕಬೇಕು. ಅಂಗಳದಲ್ಲಿ ಸಂಡಿಗೆ ಇಡಬೇಕು. ಯುಗಾದಿ ಬರುವುದರೊಳಗೆ ಅಟ್ಟ ಗುಡಿಸಿ, ಜೇಡರ ಬಲೆ ತೆಗೆದು, ಗೋಡೆಗೆ ಸುಣ್ಣ ಬಳಿಯಬೇಕು. ಶಿವರಾತ್ರಿಗೂ ಯುಗಾದಿಗೂ ನಡುವೆ ಇರುವುದು ಒಂದು ತಿಂಗಳು, ಕೆಲಸ ಮಾತ್ರ ಮೂರು ತಿಂಗಳಿನದು.

ನಾನು ದುಡಿದದ್ದು ಬ್ಯಾಂಕಿನಲ್ಲಿ, ಗುಮಾಸ್ತನಾಗಿ. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ನಿವೃತ್ತಿಯಾಗಿ ಊರಿನ ಮನೆಗೆ ಬಂದು ನೆಲೆಸಿದ ಮೇಲೆ ಗಮನಕ್ಕೆ ಬಂದದ್ದೇನೆಂದರೆ, ಮನೆಯ ಸುತ್ತ ಇರುವ ಹಕ್ಕಿ, ಹುಳು, ಹಾವು, ಅಳಿಲುಗಳಿಗೆ ಇದು ಹೊಸ ಖಾತೆ ತೆರೆಯುವ ತಿಂಗಳು. ಹೂವು, ಹಣ್ಣು, ಹುಳು ಹೇರಳವಾಗಿ ಸಿಗುವ ಕಾಲ. ಮಳೆ ಹಿಡಿಯುವುದರೊಳಗೆ ಮರಿ ದೊಡ್ಡದಾಗಬೇಕು. ಹಾಗಾಗಿ ನಾವು ಗುಡಿಸುವ, ಕಡಿಯುವ, ಖಾಲಿ ಮಾಡುವ ಜಾಗದಲ್ಲೇ ಅವು ಬಂದು ಸಂಸಾರ ಹೂಡುತ್ತವೆ.

ಇಬ್ಬರಿಗೂ ತೊಂದರೆಯಾಗದಂತೆ ಈ ತಿಂಗಳು ಕಳೆಯಲು ಒಂದೇ ಒಂದು ಅಭ್ಯಾಸ ಸಾಕು. ಯಾವ ಕೆಲಸಕ್ಕೇ ಆಗಲಿ, ಕೈ ಇಡುವ ಮುಂಚೆ ಅಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಕೆಲವು ಕಡೆ ಇದು ಹಕ್ಕಿಯ ಜೀವ ಉಳಿಸುತ್ತದೆ, ಕೆಲವು ಕಡೆ ನಮ್ಮ ಜೀವವನ್ನೇ ಉಳಿಸುತ್ತದೆ. ಒಂದೊಂದೇ ಕೆಲಸ ಹಿಡಿದು ನೋಡೋಣ, ಬನ್ನಿ.

ಜಗುಲಿ, ಅಟ್ಟ ಮತ್ತು ಹೆಂಚು

ಬಟ್ಟೆ ಒಣಹಾಕುವ ತಂತಿಗೋ ಜಗುಲಿಯ ಮುಂದಿನ ಬಳ್ಳಿಗೋ ಕಸದ ಉಂಡೆಯಂಥದ್ದು ಜೋತುಬಿದ್ದಿದ್ದರೆ ಕಿತ್ತು ಎಸೆಯಬೇಡಿ. ಅದು ಸೂರಕ್ಕಿಯ ಗೂಡು. ನಾರು, ತೊಗಟೆಯ ಚೂರು, ಒಣಗಿದ ಎಲೆ, ಹುಳುವಿನ ಹಿಕ್ಕೆ ಎಲ್ಲವನ್ನೂ ಜೇಡರ ಬಲೆಯಿಂದ ಅಂಟಿಸಿ ಹೆಣ್ಣು ಹಕ್ಕಿಯೇ ಅದನ್ನು ಕಟ್ಟುತ್ತದೆ. ಪಕ್ಕದಲ್ಲಿ ಪುಟ್ಟ ಬಾಗಿಲು, ಬಾಗಿಲ ಮೇಲೊಂದು ಮಾಡಿನಂತಹ ಚಾಚು. ನೋಡಿದವರಿಗೆ ಕಸದಂತೆ ಕಾಣಬೇಕು ಎನ್ನುವುದೇ ಅದರ ಉಪಾಯ. ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ಮೊಟ್ಟೆ ಇಟ್ಟ ಮೇಲೆ ಮರಿ ಹಾರಿಹೋಗಲು ಸುಮಾರು ಒಂದು ತಿಂಗಳು ಬೇಕು. ಅಷ್ಟು ದಿನ ಬಟ್ಟೆಗೆ ಬೇರೆ ತಂತಿ ಕಟ್ಟಿಕೊಂಡರೆ ಆಯಿತು. ನಮ್ಮ ಮನೆಯಾಕೆ ಒಂದು ವರ್ಷ ಇಡೀ ಮಾರ್ಚ್ ತಿಂಗಳು ಕೊಟ್ಟಿಗೆಯ ಬದಿಯಲ್ಲಿ ಬಟ್ಟೆ ಒಣಗಿಸಿದ್ದುಂಟು. ಹೋದವರು ಬಂದವರು ಕೇಳಿದರೆ, “ಬಾಡಿಗೆಯವರು ಇದ್ದಾರೆ, ಖಾಲಿ ಮಾಡಿದ ಮೇಲೆ ಅಲ್ಲಿ ಹಾಕುತ್ತೇನೆ” ಎನ್ನುತ್ತಿದ್ದಳು.

ಅಟ್ಟದ ವಿಷಯ ಬೇರೆ. ಅಲ್ಲಿ ವರ್ಷವಿಡೀ ಯಾರೂ ಓಡಾಡಿರುವುದಿಲ್ಲ. ಹತ್ತುವ ಮುಂಚೆ ಏಣಿಯ ಮೇಲೆ ನಿಂತು ಟಾರ್ಚ್ ಬಿಟ್ಟು ನಾಲ್ಕೂ ಮೂಲೆ ನೋಡಿ. ಕೋಲಿನಿಂದ ಪಕಾಸಿಗೆ ಎರಡು ಸಲ ತಟ್ಟಿ, ಸ್ವಲ್ಪ ಹೊತ್ತು ಕಾಯಿರಿ. ಇಲಿ, ಹಾವು, ಕಬ್ಬೆಕ್ಕು ಯಾವುದೇ ಇದ್ದರೂ ದಾರಿ ಸಿಕ್ಕರೆ ತಾವೇ ಹೋಗುತ್ತವೆ. ಹೃದಯದ ಆಕಾರದ ಬಿಳಿ ಮುಖದ ಕಣಜ ಗೂಬೆ ಕಂಡರೆ ಅಪಶಕುನ ಎಂದು ಓಡಿಸಬೇಡಿ. ಅದರ ಮುಖ್ಯ ಆಹಾರವೇ ಇಲಿ. ಅಡಿಕೆ, ಭತ್ತ, ತೆಂಗಿನಕಾಯಿ ಇಡುವ ಮನೆಗೆ ಸಂಬಳವಿಲ್ಲದ ಕಾವಲುಗಾರ.

ಹೆಂಚಿನ ಸಂದಿಯಲ್ಲಿ ಪುಟ್ಟ ಬಾವಲಿಗಳು ಇರುತ್ತವೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ನಾಡಿನ ಮನೆಗಳನ್ನೆಲ್ಲ ಹೊದೆಯಿತು. ಆ ಹೆಂಚಿನ ಅಡಿಯ ಸಂದು ಬಾವಲಿಗೆ ಹೇಳಿ ಮಾಡಿಸಿದ ಮನೆ. ಸಂಜೆ ಹೊರಬಿದ್ದು ಅವು ತಿನ್ನುವುದು ಸೊಳ್ಳೆ ಮತ್ತಿತರ ಸಣ್ಣ ಹುಳುಗಳನ್ನು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಬಾವಲಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬಾರದು. ಮಕ್ಕಳಂತೂ ಮುಟ್ಟಲೇಬಾರದು. ಒಂದು ಬದಿಯ ಹೆಂಚು ತೆಗೆದು ಕೆಲಸ ಮಾಡಿ, ಇನ್ನೊಂದು ಬದಿಯನ್ನು ಬೇರೆ ದಿನಕ್ಕೆ ಇಟ್ಟುಕೊಂಡರೆ ಅವು ಅತ್ತ ಸರಿದುಕೊಳ್ಳುತ್ತವೆ.

ಗುಬ್ಬಚ್ಚಿಯ ಮಾತು ಬಂದರೆ ಅಜ್ಜ-ಅಜ್ಜಿಯರಿಗೆ ಹೇಳಲು ಬಹಳ ಇರುತ್ತದೆ. ಭಾವಚಿತ್ರದ ಹಿಂದೆ, ತೊಲೆಯ ಸಂದಿಯಲ್ಲಿ ಅದು ಗೂಡು ಕಟ್ಟುತ್ತಿದ್ದ ಕಾಲ ಅವರಿಗೆ ನೆನಪಿದೆ. 2010ರಿಂದ ಪ್ರತಿವರ್ಷ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವಾಗಿ ಆಚರಿಸುತ್ತಾರೆ. ಅದು ನಮ್ಮ ದೇಶದಿಂದಲೇ ಹೊರಟ ಆಲೋಚನೆ. ಆ ದಿನ ಮಕ್ಕಳು ಮಾಡಬಹುದಾದ ಕೆಲಸ ಸುಲಭ: ಅಜ್ಜಿಯನ್ನು ಕೂರಿಸಿಕೊಂಡು, ಅವರ ಬಾಲ್ಯದ ಮನೆಯಲ್ಲಿ ಗುಬ್ಬಚ್ಚಿ ಎಲ್ಲೆಲ್ಲಿ ಗೂಡು ಕಟ್ಟುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ.

ಒಣ ಕೊಂಬೆ ಮತ್ತು ಬೇಲಿ

ಮನೆಯ ಮೇಲೆ ಬೀಳಬಹುದಾದ ಒಣ ಕೊಂಬೆಯನ್ನು ಮಳೆಗಾಲಕ್ಕೆ ಮುಂಚೆ ಕಡಿಯುವುದು ವಾಡಿಕೆ. ಆದರೆ ನಮಗೆ ಬೇಡವಾದ ಒಣ ಕೊಂಬೆಯೇ ಕುಟ್ರುಹಕ್ಕಿಗೆ ಬೇಕು. ಹಸಿರು ಮೈ, ದಪ್ಪ ಕೊಕ್ಕು, ‘ಕುಟ್ರು ಕುಟ್ರು’ ಎಂದು ಮಧ್ಯಾಹ್ನದ ತನಕ ಬಿಡದೆ ಕೂಗುವ ಈ ಹಕ್ಕಿ ಮೆತ್ತಗಾದ ಮರದಲ್ಲಿ ತಾನೇ ಪೊಟರೆ ಕೊರೆದುಕೊಳ್ಳುತ್ತದೆ. ಇದರ ಸಣ್ಣ ತಮ್ಮನಂತಿರುವ, ಹಣೆಗೆ ಕೆಂಪು ಬೊಟ್ಟಿಟ್ಟುಕೊಂಡ ಕಂಚುಗಾರ ಹಕ್ಕಿಯೂ ಹಾಗೆಯೇ. ಅದರ ‘ಟಕ್ ಟಕ್ ಟಕ್’ ಕೇಳಿದರೆ ದೂರದಲ್ಲಿ ಯಾರೋ ತಂಬಿಗೆ ಬಡಿಯುತ್ತಿದ್ದಾರೆ ಎನ್ನಿಸುತ್ತದೆ. ಇವು ಬಿಟ್ಟುಹೋದ ಪೊಟರೆಯಲ್ಲಿ ಮಡಿವಾಳ ಹಕ್ಕಿಯಂಥವು ಮರಿ ಮಾಡುತ್ತವೆ. ಹಾಗಾಗಿ ಕೊಂಬೆ ಕಡಿಯುವ ಮುಂಚೆ ಕೆಳಗೆ ನಿಂತು ಹತ್ತು ನಿಮಿಷ ನೋಡಿ. ದುಂಡಗಿನ ತೂತು ಇದೆಯೇ? ಬುಡದಲ್ಲಿ ಹೊಸ ಮರದ ಪುಡಿ ಬಿದ್ದಿದೆಯೇ? ಹಕ್ಕಿ ಬಾಯಲ್ಲಿ ಹಣ್ಣು ಹಿಡಿದು ಬಂದು ಹೋಗುತ್ತಿದೆಯೇ? ಇದ್ದರೆ, ಮಾಡಿಗೆ ಅಪಾಯವಿಲ್ಲದ ಕೊಂಬೆಯನ್ನು ಮರಿ ಹಾರುವ ತನಕ ಬಿಡಬಹುದು.

ದೊಡ್ಡ ಮರದ ಪೊಟರೆಯಾದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಮಂಗಟ್ಟೆ ಹಕ್ಕಿ ಇರಬಹುದು. ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಇಲ್ಲದ ಬೂದು ಮಂಗಟ್ಟೆ ನಮ್ಮ ತೋಟದ ಅಂಚಿನ ಮರಗಳಿಗೂ ಬರುತ್ತದೆ. ಅದರ ಸಂಸಾರದ ರೀತಿಯೇ ವಿಚಿತ್ರ. ಹೆಣ್ಣು ಪೊಟರೆಯ ಒಳಗೆ ಕುಳಿತು ತನ್ನ ಹಿಕ್ಕೆ, ಹಣ್ಣಿನ ಸಿಪ್ಪೆಗಳಿಂದ ಬಾಗಿಲು ಮುಚ್ಚಿಕೊಂಡುಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಹಲವು ವಾರಗಳ ಕಾಲ ಗಂಡು ಹಕ್ಕಿಯೇ ಹಣ್ಣು, ಹುಳು ತಂದು ಆ ಸೀಳಿನಿಂದ ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಒಳಗಿರುವವರ ಗತಿ ಕಷ್ಟ. ಒಂದು ಹಳೆಯ ಮರ ಉರುಳಿಸಿದರೆ ಪೊಟರೆಯೂ ಹೋಗುತ್ತದೆ, ಅಂಥ ಇನ್ನೊಂದು ಪೊಟರೆ ಆಗಲು ಎಷ್ಟೋ ವರ್ಷ ಹಿಡಿಯುತ್ತದೆ. ಇದೇ ಜಾತಿಯ ದೊಡ್ಡ ಹಕ್ಕಿಗಳಿಗಾಗಿ ದಾಂಡೇಲಿಯ ಕಡೆ ಕಾಳಿ ನದಿಯ ಕಣಿವೆಯಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವನ್ನೇ ಸರ್ಕಾರ ಮಾಡಿದೆ. ನಮ್ಮ ಮನೆಯ ಹಿಂದಿನ ಒಂದು ಮರ ಉಳಿಸಲು ಸರ್ಕಾರ ಬೇಕಾಗಿಲ್ಲ.

ಬೇಲಿ ಸವರುವುದಾದರೆ ದಾಸವಾಳದ ಪೊದೆಯೊಳಗೆ ಇಣುಕಿ. ಎರಡು ಮೂರು ಎಲೆಗಳ ಅಂಚಿಗೆ ನೂಲು ಹೊಲಿದಂತೆ ಕಂಡರೆ ಅದು ಟುವ್ವಿ ಹಕ್ಕಿಯ ಕೆಲಸ. ಎಲೆಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿಯನ್ನೋ ಜೇಡರ ಎಳೆಯನ್ನೋ ತೂರಿಸಿ ಹೊಲಿದು, ಆ ಚೀಲದೊಳಗೆ ಗೂಡು ಮಾಡುತ್ತದೆ. ಬಟ್ಟಲಿನಂತಹ ಗೂಡಾದರೆ ಜುಟ್ಟಿನ ಪಿಕಳಾರದ್ದಿರಬಹುದು. ಇವಕ್ಕೆ ಬೇಕಾದದ್ದು ನಾಲ್ಕು ವಾರ. ಬೇಲಿ ಕಾಯಬಲ್ಲದು.

ಮಿಡಿ, ಹೂವು ಮತ್ತು ಜೇನು

ಮಾವಿನ ಮಿಡಿಯ ಕಾಲ ಬಂತೆಂದರೆ ಸಾಗರ, ಸಿರ್ಸಿ, ಸಿದ್ದಾಪುರದ ಮನೆಗಳಲ್ಲಿ ಭರಣಿ ತೊಳೆದಿಡುತ್ತಾರೆ. ಶರಾವತಿ, ಅಘನಾಶಿನಿ, ವರದಾ ನದಿಗಳ ದಂಡೆಯಲ್ಲಿ ಬೆಳೆಯುವ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳದಂತೆ ಕೊಯ್ದರೆ ಮಾತ್ರ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಬೆಲೆ ಬಂದಂತೆಲ್ಲ ಅವಸರವೂ ಬಂದಿದೆ. ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡವುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ವರ್ಷದ ಮಿಡಿ ಎಲ್ಲಿಂದ ಬರಬೇಕು? ಅಸಲನ್ನು ಮುರಿದು ಬಡ್ಡಿ ತಿಂದ ಹಾಗೆ. ಮರದ ತುದಿಯಲ್ಲಿ ಒಂದಿಷ್ಟು ಬಿಟ್ಟರೆ ಕೆಂದಳಿಲಿಗೂ ಆಯಿತು, ಹಣ್ಣಾಗಿ ಬಿದ್ದು ಸಸಿಯೂ ಆಯಿತು.

ಮಾವು, ಗೇರು ಮರ ಹತ್ತುವ ಮುಂಚೆ ಚಗಳಿ ಗೂಡು ನೋಡಿಕೊಳ್ಳಿ. ಕೆಲವು ಕಡೆ ಇವನ್ನು ಸವಳಿ, ಕೆಂಜಿಗ ಎಂದೂ ಕರೆಯುತ್ತಾರೆ. ಈ ಕೆಂಪಿರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಆಚೆ ಈಚೆ ಓಡಾಡಿಸುತ್ತವೆ. ಮರಿಹುಳುವಿನ ಬಾಯಿಂದ ಬರುವ ರೇಷ್ಮೆಯೇ ನೂಲು, ಮರಿಯೇ ಮಗ್ಗದ ಲಾಳಿ! ಕಚ್ಚಿದರೆ ಉರಿ ಹೌದು. ಆದರೆ ಚಗಳಿ ಇರುವ ಗೇರು ಮರಕ್ಕೆ ಚಿಗುರು, ಹೂವು ಹೀರುವ ಟೀ ಸೊಳ್ಳೆಯ ಕಾಟ ಕಡಿಮೆ. ಔಷಧ ಹೊಡೆಯುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಸಮಯಕ್ಕೆ ಸುರಗಿ ಹೂ ಬಿಡುತ್ತದೆ. ಕೊಂಬೆಗೇ ಅಂಟಿಕೊಂಡಂತೆ ಬಿಡುವ ಬಿಳಿ ಹೂವು, ಒಣಗಿದರೂ ಪರಿಮಳ ಬಿಡದು. ಬೆಳಿಗ್ಗೆ ಆರಿಸಲು ಹೋದರೆ ಮರ ತುಂಬ ಜೇನಿನ ಝೇಂಕಾರ. ಜೇನುಕುಟುಂಬ ಪಾಲಾಗುವುದೂ ಈ ಹೂವಿನ ಕಾಲದಲ್ಲೇ. ಹಳೆಯ ರಾಣಿ ಅರ್ಧದಷ್ಟು ಹುಳುಗಳನ್ನು ಕಟ್ಟಿಕೊಂಡು ಹೊರಟು, ಮನೆಯ ಮುಂದಿನ ಗಿಡಕ್ಕೋ ಮಾಡಿನ ಅಂಚಿಗೋ ಗಡ್ಡದಂತೆ ಜೋತುಬೀಳುತ್ತದೆ. ಹೆದರಿ ಬೆಂಕಿ, ಹೊಗೆ ಹಾಕಬೇಡಿ. ತುಡುವೆ ಜೇನಾದರೆ ಅದು ಹೊಸ ಮನೆ ಹುಡುಕುವ ನಡುವಿನ ವಿಶ್ರಾಂತಿ. ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ತಾನೇ ಹೋಗುತ್ತದೆ. ಹತ್ತಿರದಲ್ಲಿ ಜೇನು ಸಾಕುವವರಿದ್ದರೆ ಸಂತೋಷದಿಂದ ಬಂದು ಪೆಟ್ಟಿಗೆಗೆ ತುಂಬಿಕೊಳ್ಳುತ್ತಾರೆ. ಎತ್ತರದ ಮರದಲ್ಲಿ ಕಟ್ಟುವ ಹೆಜ್ಜೇನು ಮಾತ್ರ ಬೇರೆ. ಅದರ ಕೆಳಗೆ ಹೊಗೆ ಮಾಡುವುದು, ಕಲ್ಲೆಸೆಯುವುದು ಪ್ರಾಣಕ್ಕೇ ಅಪಾಯ.

ಅಡಿಕೆ ತೋಟದಲ್ಲಿ ಮೆಣಸು ಕೊಯ್ಯುವಾಗ ಮರದ ಕಾಂಡವನ್ನು ಒಮ್ಮೆ ದಿಟ್ಟಿಸಿ ನೋಡಿ. ತೊಗಟೆಯ ಬಣ್ಣದ್ದೇ ಒಂದು ಓತಿ ಗಂಟಲಿನ ಹಳದಿ ಚೀಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಮಾಡುತ್ತಿದ್ದರೆ, ಅದು ಹಾರುವ ಓತಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ ಅಜ್ಜ-ಅಜ್ಜಿಯರು ಮಕ್ಕಳಿಗೆ ಇದರ ಬಗ್ಗೆ ಹೇಳಬಹುದು. ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುವ ಇದು ಇರುವೆ ತಿಂದು ಬದುಕುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆ ಇಡಲು ಮಾತ್ರ ಎನ್ನಬಹುದು.

ಕಟ್ಟಿಗೆ ರಾಶಿ

ಈಗ ಎಚ್ಚರಿಕೆಯ ಮಾತು. ನಮ್ಮಲ್ಲಿಗೆ ಕಟ್ಟಿಗೆ ಒಡೆಯಲು ಬರುವ ಹಿರಿಯರೊಬ್ಬರು ಹುಡುಗರಿಗೆ ಹೇಳುವುದು ಒಂದೇ: “ಮೊದಲು ಕೋಲು, ಆಮೇಲೆ ಕೈ.” ರಾಶಿಯನ್ನು ಉದ್ದನೆಯ ಕೋಲಿನಿಂದ ತಟ್ಟಿ, ಮೇಲಿನ ತುಂಡನ್ನು ತಮ್ಮ ಕಡೆಗೆ ಉರುಳಿಸಿಕೊಂಡು, ಅಡಿ ಕಾಣುವಂತಾದ ಮೇಲೆ ಎತ್ತುತ್ತಾರೆ. ಬರಿಗಾಲಲ್ಲಿ ನಿಲ್ಲುವುದಿಲ್ಲ. ಕತ್ತಲಾದ ಮೇಲೆ ರಾಶಿಯ ಹತ್ತಿರವೇ ಹೋಗುವುದಿಲ್ಲ.

ಕಾರಣ ಸರಳ. ಹಳೆಯ ರಾಶಿಯಲ್ಲಿ ಇಲಿ, ಹಲ್ಲಿ ಇರುತ್ತವೆ. ಅವನ್ನು ಹುಡುಕಿಕೊಂಡು ಕೇರೆ ಹಾವು ಬರುತ್ತದೆ. ಕೇರೆಗೆ ವಿಷವಿಲ್ಲ, ಎರಡು ಮೀಟರಿಗೂ ಉದ್ದ ಬೆಳೆಯುತ್ತದೆ, ರೈತನಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಆ ಕೇರೆಯನ್ನು ಹುಡುಕಿಕೊಂಡು ಕಾಳಿಂಗ ಸರ್ಪ ಬರುತ್ತದೆ. ಬೇರೆ ಹಾವುಗಳೇ ಅದರ ಆಹಾರ. ಮಾರ್ಚ್‌ನಿಂದ ಮೇ ತನಕ ಅವುಗಳ ಕೂಡುವ ಕಾಲವಾದ್ದರಿಂದ ಓಡಾಟವೂ ಹೆಚ್ಚು. ಆಮೇಲೆ ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಮಾಡಿ, ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಹೀಗೆ ಎಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಇದೊಂದೇ. ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ಇದರ ಬದುಕನ್ನು ಅಧ್ಯಯನ ಮಾಡುತ್ತಾ ಬಂದಿದ್ದಾರೆ.

ಹಾವು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಅದಕ್ಕೆ ಹೋಗಲು ದಾರಿ ಬಿಡಿ. ಮನೆಯೊಳಗೆ ಸೇರಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಹೊಡೆಯಲು ಹೋಗಿ, ಹಿಡಿಯಲು ಹೋಗಿ ಕಚ್ಚಿಸಿಕೊಂಡವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು ಕೊಲ್ಲುವುದು ಅಪರಾಧವೂ ಹೌದು. ಒಂದು ವೇಳೆ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗಿಸದೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗುವುದೊಂದೇ ದಾರಿ. ಔಷಧ ಇರುವುದು ಆಸ್ಪತ್ರೆಯಲ್ಲಿ.

ಹೊಸದಾಗಿ ಪೇರಿಸುವಾಗ ಗೋಡೆಗೆ ತಾಗಿಸದೆ, ಅಡಿಗೆ ಕಲ್ಲೋ ದಿಮ್ಮಿಯೋ ಇಟ್ಟು ನೆಲದಿಂದ ಎತ್ತರಿಸಿ ಪೇರಿಸಿ. ಅಡಿಯಲ್ಲಿ ಬೆಳಕು ಕಂಡರೆ ಚೇಳು, ಹಾವು ಅಲ್ಲಿ ಬೀಡುಬಿಡುವುದು ಕಡಿಮೆ.

ದರಕು ಮತ್ತು ಉಣುಗು

ಎಲೆ ಉದುರಿಸಿದ ಬೆಟ್ಟದಲ್ಲಿ ದರಕು ಗುಡಿಸಿ, ಹೆಡಿಗೆಗೆ ತುಂಬಿ ತಂದು, ದನದ ಕಾಲಡಿಗೆ ಹಾಸಿ ಗೊಬ್ಬರ ಮಾಡುವುದು ತಲೆಮಾರುಗಳಿಂದ ಬಂದ ಕ್ರಮ. ಆದರೆ ಈ ಕೆಲಸದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. ನವೆಂಬರಿನಿಂದ ಮೇ ತನಕ ಕಾಡಿನ ತರಗೆಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಮರಿ ಉಣುಗುಗಳು ಇರುತ್ತವೆ. ಈ ರೋಗ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಊರಿನವರಿಗೆ ಜ್ವರ ಬಂತು. ಹಾಗಾಗಿ ಜಗತ್ತಿನ ವೈದ್ಯಪುಸ್ತಕಗಳಲ್ಲಿ ಇದಕ್ಕೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದೇ ಹೆಸರು. ಈಗ ಘಟ್ಟದುದ್ದಕ್ಕೂ ಬೇರೆ ಜಿಲ್ಲೆ, ಬೇರೆ ರಾಜ್ಯಗಳಲ್ಲೂ ಕಾಣಿಸಿಕೊಂಡಿದೆ. ರೋಗ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವುದುಂಟು.

ಕಾಯಿಲೆಗೆ ಮಂಗನ ಹೆಸರಿದ್ದರೂ ಮಂಗ ನಮ್ಮ ಶತ್ರುವಲ್ಲ. ನಮಗಿಂತ ಮೊದಲು ಸಾಯುವುದೇ ಅದು. ಮಂಗವೋ ಮುಸುವವೋ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ಎಲೆಗೆ ಇಳಿಯುತ್ತವೆ. ಆ ಜಾಗಕ್ಕೆ ಕಾಲಿಟ್ಟವರಿಗೆ ಕಚ್ಚುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಮಕ್ಕಳು ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು. ದೊಡ್ಡವರು ತಾವೇ ಹೂಳಲು ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಬೇಕು. ಒಂದು ಫೋನ್ ಇಡೀ ಊರನ್ನು ಉಳಿಸಬಹುದು.

ಬೆಟ್ಟಕ್ಕೆ ಹೋಗಲೇಬೇಕಾದವರು ತುಂಬುತೋಳಿನ ಅಂಗಿ, ಉದ್ದನೆಯ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿಕೊಳ್ಳಬೇಕು. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಅವರು ಹೇಳಿದಂತೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡಿಕೊಳ್ಳಬೇಕು. ಅಜ್ಜ-ಅಜ್ಜಿಯರ ಕಣ್ಣಿಗೆ ಸಾಸಿವೆಯಷ್ಟು ಸಣ್ಣದು ಕಾಣುವುದಿಲ್ಲ. ಅಲ್ಲಿ ಮೊಮ್ಮಕ್ಕಳ ಕಣ್ಣು ಕೆಲಸಕ್ಕೆ ಬರಲಿ. ಆಮೇಲೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಕಾಯುತ್ತಾ ಕೂರಬೇಡಿ. ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯಲ್ಲ, ಹಾಗಾಗಿ ಕಾಯಿಲೆಯಾದವರನ್ನು ದೂರ ಇಡುವ ಅಗತ್ಯವಿಲ್ಲ.

ಬೆಂಕಿಯ ಬದಲು ಗೊಬ್ಬರ

ಅಂಗಳದಲ್ಲಿ ಗುಡಿಸಿದ ಎಲೆಗೆ ಬೆಂಕಿಕಡ್ಡಿ ಗೀರುವುದು ಹಲವರ ಅಭ್ಯಾಸ. ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಯಾವ ಕಡೆ ತಿರುಗುತ್ತದೆಂದು ಹೇಳಲಾಗದು. ಒಂದು ಕಿಡಿ ಬೇಲಿ ದಾಟಿದರೆ ಬೆಟ್ಟ ಹತ್ತುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಹಾರುವ ಹಕ್ಕಿ ತಪ್ಪಿಸಿಕೊಳ್ಳಬಹುದು. ನೆಲದ ಮೇಲೆ ಮೊಟ್ಟೆ ಇಡುವ ಕಾಡುಕೋಳಿ, ಗೂಡೂ ಕಟ್ಟದೆ ಎಲೆಯ ಮೇಲೇ ಮೊಟ್ಟೆ ಇಡುವ ನತ್ತಿಂಗ ಹಕ್ಕಿ, ನಿಧಾನ ನಡೆಯುವ ಆಮೆ, ಇವೆಲ್ಲಿಗೆ ಹೋಗಬೇಕು? ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಎಲೆಯ ಮೇಲೆ ಒಂದಿಷ್ಟು ಸಗಣಿ ನೀರು, ಮಣ್ಣು ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಗಿಡದ ಬುಡಕ್ಕೆ ಹಾಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಸುಟ್ಟರೆ ಸಿಗುವುದು ಒಂದು ಹಿಡಿ ಬೂದಿ.

ಒಂದು ಮರಿಗೆ ನೀರು

ಹಳ್ಳ ಬತ್ತುವ ಹೊತ್ತಿಗೆ ಅಂಗಳದಲ್ಲಿ ಕಲ್ಲಿನ ಮರಿಗೆಯಲ್ಲೋ ಮಣ್ಣಿನ ಬಟ್ಟಲಲ್ಲೋ ನೀರಿಡಿ. ಆಳ ಮೂರು ಬೆರಳು ಸಾಕು. ನಡುವೆ ಒಂದು ಕಲ್ಲೋ ಕಡ್ಡಿಯೋ ಇಟ್ಟರೆ ಜೇನುಹುಳು ಮುಳುಗದೆ ಕುಳಿತು ಕುಡಿಯುತ್ತದೆ. ದಿನವೂ ನೀರು ಚೆಲ್ಲಿ, ಉಜ್ಜಿ, ಹೊಸದು ತುಂಬಬೇಕು. ಸೊಳ್ಳೆಯ ಮೊಟ್ಟೆ ಹುಳುವಾಗಿ, ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನೀರು ಬದಲಿಸುತ್ತಿದ್ದರೆ ಅದಕ್ಕೆ ಸಮಯ ಸಿಗುವುದಿಲ್ಲ. ಗಿಡಗಳ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿ. ಮುಚ್ಚಲಾಗದ ಗುಂಡಿಗೆ ಓರೆಯಾಗಿ ಒಂದು ಅಡಿಕೆ ದಬ್ಬೆ ಇಳಿಬಿಟ್ಟರೆ ಬಿದ್ದ ಕಪ್ಪೆ, ಅಳಿಲು ಹತ್ತಿ ಬರುತ್ತವೆ.

ಮರಿಗೆಯ ಬಳಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಕಂಡರೆ ಚೆನ್ನಾಗಿ ನೋಡಿಕೊಳ್ಳಿ. ಚಳಿಗಾಲ ಕಳೆಯಲು ಬಂದ ಆ ನೆಂಟ ಏಪ್ರಿಲ್ ಹೊತ್ತಿಗೆ ಹಿಮಾಲಯದ ಕಡೆ ಹೊರಟಿರುತ್ತದೆ. ಅದು ಹೋಗುವ ಹೊತ್ತಿಗೆ ಕೋಗಿಲೆ ದನಿ ಎತ್ತಿರುತ್ತದೆ. ‘ಕುಹೂ’ ಎನ್ನುವುದು ಕಪ್ಪು ಬಣ್ಣದ ಗಂಡು. ಚುಕ್ಕೆಯ ಕಂದು ಹೆಣ್ಣು ಸದ್ದಿಲ್ಲದೆ ಕಾಗೆಯ ಗೂಡಿನ ಮೇಲೆ ಕಣ್ಣಿಟ್ಟಿರುತ್ತದೆ.

ಮಕ್ಕಳಿಗೊಂದು ಡೇ ಬುಕ್

“ಅಜ್ಜಾ, ನಮ್ಮ ಫ್ಲ್ಯಾಟಿನಲ್ಲಿ ಇದ್ಯಾವುದೂ ಇಲ್ಲವಲ್ಲ” ಎಂದು ಬೆಂಗಳೂರಿನಿಂದ ಮೊಮ್ಮಗಳು ಫೋನಿನಲ್ಲಿ ಹೇಳಿದಳು. ಬಾಲ್ಕನಿಯ ಕುಂಡ, ರಸ್ತೆಯ ಹೊಂಗೆ ಮರ, ಶಾಲೆಯ ಬೇಲಿ ಇವೆಯಲ್ಲ ಎಂದೆ. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ, ಹೊಂಗೆಯಲ್ಲಿ ಹಳೆ ಎಲೆ ಉದುರಿ ಎಳೆ ಹಸಿರು ಚಿಗುರು ಬಂದಿದೆ ಎಂದಳು. ಅಲ್ಲಿಂದ ಅವಳ ಲೆಕ್ಕ ಶುರುವಾಯಿತು.

ನಾನು ಬ್ಯಾಂಕಿನ ಅಭ್ಯಾಸದಂತೆ ಒಂದು ಡೇ ಬುಕ್ ಇಟ್ಟಿದ್ದೇನೆ. ನೀವೂ ಇಡಬಹುದು. ಹಳೆಯ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಗೆರೆ ಎಳೆಯಿರಿ: ತಾರೀಕು, ಜಾಗ, ಏನು ಕಂಡಿತು, ನಾವೇನು ಮಾಡಿದೆವು. ಉದಾಹರಣೆಗೆ ಹೀಗೆ:

ಫೆಬ್ರವರಿ 20 – ಹಲಸಿನ ಒಣ ಕೊಂಬೆ – ಕುಟ್ರುಹಕ್ಕಿ ತೂತು ಕೊರೆಯುತ್ತಿದೆ – ಕೊಂಬೆ ಕಡಿಯುವುದನ್ನು ಮುಂದಕ್ಕೆ ಹಾಕಿದೆವು.

ಮಾರ್ಚ್ 3 – ಬಟ್ಟೆಯ ತಂತಿ – ಸೂರಕ್ಕಿ ನಾರು ತರುತ್ತಿದೆ – ಬೇರೆ ತಂತಿ ಕಟ್ಟಿದೆವು.

ಮಾರ್ಚ್ 9 – ಕಟ್ಟಿಗೆ ರಾಶಿ – ಕೇರೆಯ ಪೊರೆ ಸಿಕ್ಕಿತು – ಕೋಲಿನಿಂದ ತಟ್ಟಿ, ಸಂಜೆ ಕೆಲಸ ನಿಲ್ಲಿಸಿದೆವು.

ಗೂಡನ್ನು ದೂರದಿಂದ ನೋಡಿ ಬರೆಯಿರಿ. ಹತ್ತಿರ ಹೋಗಿ ಫೋಟೊ ತೆಗೆದರೆ ತಾಯಿ ಹಕ್ಕಿ ಗೂಡು ಬಿಡಬಹುದು, ಕಾಗೆಗೂ ದಾರಿ ತೋರಿಸಿದಂತಾಗುತ್ತದೆ. ಹೆಸರು ಗೊತ್ತಿಲ್ಲದ ಹಕ್ಕಿಯಾದರೆ ಬಣ್ಣ, ಗಾತ್ರ, ಕೂಗು ಬರೆದು ಅಜ್ಜ-ಅಜ್ಜಿಯರನ್ನು ಕೇಳಿ. ಅವರ ಊರಿನಲ್ಲಿ ಅದಕ್ಕೆ ಒಂದು ಹೆಸರು ಇದ್ದೇ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಮರಗಳ ಚಿಗುರು, ಹೂವು, ಕಾಯಿಯ ಲೆಕ್ಕವನ್ನು ದೇಶದ ಎಲ್ಲೆಡೆಯ ಶಾಲಾಮಕ್ಕಳಿಂದ ಸಂಗ್ರಹಿಸುವ ‘ಸೀಸನ್‌ವಾಚ್’ ಎಂಬ ಯೋಜನೆಯೂ ಇದೆ. ನಿಮ್ಮ ಶಾಲೆಯ ಮೇಷ್ಟರನ್ನು ಕೇಳಿ ಅದಕ್ಕೂ ಸೇರಬಹುದು.

ಒಂದು ವರ್ಷದ ಪುಸ್ತಕದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎರಡನೇ ವರ್ಷ ಅದೇ ತಾರೀಕಿನ ಪುಟ ತೆರೆದಾಗ, ಸುರಗಿ ಈ ಸಲ ಎಷ್ಟು ದಿನ ಮುಂಚೆ ಹೂ ಬಿಟ್ಟಿತು, ಕಂಚುಗಾರ ಯಾವಾಗ ಕೂಗಿತು ಎಂದು ನಿಮಗೇ ಗೊತ್ತಾಗುತ್ತದೆ. ಯಾವ ಕೆಲಸವನ್ನು ಹದಿನೈದು ದಿನ ಮುಂಚೆ ಮುಗಿಸಬೇಕು, ಯಾವುದನ್ನು ಮರಿ ಹಾರಿದ ಮೇಲೆ ಇಟ್ಟುಕೊಳ್ಳಬೇಕು ಎಂದು ಮನೆಯ ದೊಡ್ಡವರಿಗೆ ಹೇಳುವವರು ಆಗ ನೀವೇ ಆಗಿರುತ್ತೀರಿ. ಈ ಭಾನುವಾರ ಪುಸ್ತಕಕ್ಕೆ ಗೆರೆ ಎಳೆದು, ಮೊದಲ ಸಾಲು ಬರೆದುಬಿಡಿ.